ಅಣಬೆ ಹವ್ಯಾಸಕ್ಕೆ ಏನೇನು ಬೇಕು, ಏನೇನು ಬೇಡ

ಅಣಬೆ ಬೆಳೆಯಬೇಕು, ಕಾಡಲ್ಲಿ ಹುಡುಕಬೇಕು ಅಂತ ಆಸೆ ಹುಟ್ಟಿದವರು ಮೊದಲು ಮಾಡುವ ಕೆಲಸ ಸಾಮಾನಿನ ಪಟ್ಟಿ ಹುಡುಕುವುದು. ಪಟ್ಟಿಗಳಿಗೇನೂ ಬರವಿಲ್ಲ. ಪ್ರೆಷರ್ ಕುಕ್ಕರ್, ಪೆಟ್ರಿ ಡಿಶ್, ಗಾಳಿ ಸೋಸುವ ಯಂತ್ರ, ಮಂಜು ಎಬ್ಬಿಸುವ ಯಂತ್ರ, ತುದಿಯಲ್ಲಿ ಬ್ರಷ್ ಇರುವ ಬಾಗಿದ ಚಾಕು, ಮೈಕ್ರೋಸ್ಕೋಪು. ಓದುತ್ತಾ ಹೋದರೆ ಮನೆಯ ಒಂದು ಕೋಣೆಯನ್ನೇ ಲ್ಯಾಬ್ ಮಾಡಬೇಕೇನೋ ಅನ್ನಿಸುತ್ತದೆ. ಅಷ್ಟೆಲ್ಲ ಬೇಡ. ಯಾವುದು ಬೇಕು, ಯಾವುದು ಬೇಡ ಅಂತ ತೀರ್ಮಾನಿಸಲು ಪ್ರತಿ ಸಾಮಾನೂ ಯಾವ ತೊಂದರೆಗೆ ಪರಿಹಾರ ಅಂತ ಗೊತ್ತಿದ್ದರೆ ಸಾಕು.

ಬೆಳೆಯುವಾಗ ಬರುವ ತೊಂದರೆ ಮುಖ್ಯವಾಗಿ ಒಂದೇ. ನೀವು ಅಣಬೆಗೆ ಇಟ್ಟ ಆಹಾರವನ್ನು ಬೂಷ್ಟು, ಬ್ಯಾಕ್ಟೀರಿಯಾ ಮೊದಲು ತಿಂದುಬಿಡುತ್ತವೆ. ಹುಡುಕುವಾಗಿನ ತೊಂದರೆ ಬೇರೆ. ಅಣಬೆಯನ್ನು ಗುರುತಿಸಲು ಬೇಕಾದ ಸುಳಿವು ಮನೆ ತಲುಪುವ ಮೊದಲೇ ಕಳೆದುಹೋಗಿರುತ್ತದೆ. ಇವೆರಡು ತಲೆಯಲ್ಲಿದ್ದರೆ ಪಟ್ಟಿಯ ಮುಕ್ಕಾಲು ಭಾಗವನ್ನು ಧೈರ್ಯವಾಗಿ ಹೊಡೆದುಹಾಕಬಹುದು.

ಯಾವ ಅಣಬೆ?

ಕಣ್ಣಿಗೆ ಕಾಣುವ ಅಣಬೆ ಮರದ ಹಣ್ಣಿದ್ದ ಹಾಗೆ. ಅಸಲಿ ಜೀವಿ ಹುಲ್ಲಿನೊಳಗೆ, ಕಟ್ಟಿಗೆಯೊಳಗೆ, ಮಣ್ಣಿನೊಳಗೆ ಹರಡಿಕೊಂಡಿರುವ ಬಿಳಿ ಎಳೆಗಳ ಬಲೆ. ಅದಕ್ಕೆ ಮೈಸೀಲಿಯಂ ಎನ್ನುತ್ತಾರೆ. ಇದು ಗಿಡವಲ್ಲ, ಬಿಸಿಲಿನಿಂದ ಆಹಾರ ಮಾಡಿಕೊಳ್ಳುವುದಿಲ್ಲ. ಸುತ್ತಲಿನ ವಸ್ತುವಿಗೆ ಕಿಣ್ವ ಬಿಟ್ಟು ಅದನ್ನು ಹೊರಗೇ ಕರಗಿಸಿ ಹೀರಿಕೊಳ್ಳುತ್ತದೆ. ಅಂದರೆ ನಾವು ಸಾಕುವುದು ಈ ಬಲೆಯನ್ನು. ಅದಕ್ಕೆ ಹೊಟ್ಟೆ ತುಂಬಿ, ಹೊರಗಿನ ಗಾಳಿ ಮತ್ತು ತೇವ ಹೊಂದಿದಾಗ ಅಣಬೆ ತಾನಾಗಿ ಬರುತ್ತದೆ.

ಎಲ್ಲ ಅಣಬೆಗಳನ್ನೂ ಸಾಕಲು ಆಗುವುದಿಲ್ಲ. ಚಿಪ್ಪಣಬೆ, ಶಿಟಾಕೆ, ಬಟನ್ ಅಣಬೆ ಇವೆಲ್ಲ ಸತ್ತ ವಸ್ತುವನ್ನು ತಿಂದು ಬದುಕುತ್ತವೆ. ಚೀಲದಲ್ಲಿ ಊಟ ಹಾಕಿದರೆ ಬೆಳೆಯುತ್ತವೆ. ಶಾಂತರೆಲ್, ಪೋರ್ಚಿನಿ, ಟ್ರಫಲ್ ಹಾಗಲ್ಲ. ಅವು ಜೀವಂತ ಮರದ ಬೇರಿನ ಜೊತೆ ಕೊಡು-ಕೊಳ್ಳುವ ಸಂಬಂಧ ಇಟ್ಟುಕೊಂಡವು. ಟ್ರಫಲ್ ಬೆಳೆಯುವವರು ಸಸಿಯ ಬೇರಿಗೆ ಅದನ್ನು ಅಂಟಿಸಿ, ಸಸಿ ನೆಟ್ಟು, ವರ್ಷಗಟ್ಟಲೆ ಕಾಯುತ್ತಾರೆ. ಶಾಂತರೆಲ್ ಬೆಳೆಯುವ ಚೀಲ, ಪೋರ್ಚಿನಿ ಕಿಟ್ ಅಂತ ಯಾರಾದರೂ ಮಾರಲು ಬಂದರೆ ಕೈಮುಗಿದು ಕಳಿಸಿ.

ಮೊದಲ ಸಲಕ್ಕೆ ಚಿಪ್ಪಣಬೆಯೇ ಸರಿ. ಒಣಹುಲ್ಲು, ಮರದ ಹೊಟ್ಟು, ರಟ್ಟು, ಹತ್ತಿಯ ಕಸ, ಕಾಫಿ ಚರಟ ಯಾವುದು ಕೊಟ್ಟರೂ ತಿನ್ನುತ್ತದೆ. ವೇಗವಾಗಿ ಹರಡುತ್ತದೆ, ಹಾಗಾಗಿ ಬೂಷ್ಟಿಗೆ ಜಾಸ್ತಿ ಸಮಯ ಸಿಗುವುದಿಲ್ಲ. ಆದರೆ ಚಿಪ್ಪಣಬೆಯಲ್ಲೂ ಬೇರೆ ಬೇರೆ ಜಾತಿಗಳಿವೆ. ಹೆಚ್ಚಿನವರು ಫೋಟೋ ನೋಡಿ ಆರಿಸುತ್ತಾರೆ. ಆರಿಸಬೇಕಾದದ್ದು ಥರ್ಮಾಮೀಟರ್ ನೋಡಿ. ಬೂದು ಬಣ್ಣದ ಪ್ಲ್ಯೂರೋಟಸ್ ಆಸ್ಟ್ರಿಯೇಟಸ್ ಸುಮಾರು 10ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಬರುತ್ತದೆ. ಗುಲಾಬಿ ಬಣ್ಣದ ಪ್ಲ್ಯೂರೋಟಸ್ ಜಮೋರ್‌ಗೆ 20ರಿಂದ 30 ಡಿಗ್ರಿ ಬೇಕು. ಸೆಕೆಯ ಕೋಣೆಯಲ್ಲಿ ಬೂದು ಚಿಪ್ಪಣಬೆ ಇಟ್ಟುಕೊಂಡು, ಅದನ್ನು ತಂಪು ಮಾಡಲು ಯಂತ್ರ ಕೊಳ್ಳುವುದಕ್ಕಿಂತ ಆ ಕೋಣೆಗೆ ಒಗ್ಗುವ ಜಾತಿ ತರುವುದು ಜಾಣತನ.

ಬೀಜ

ಅಣಬೆ ಬೀಜ, ಅಂದರೆ ಸ್ಪಾನ್, ನಿಜವಾದ ಬೀಜವಲ್ಲ. ಜೋಳ, ಗೋಧಿ, ರಾಗಿಯಂಥ ಧಾನ್ಯವನ್ನು ಬೇಯಿಸಿ, ಸೂಕ್ಷ್ಮಜೀವಿ ಇಲ್ಲದಂತೆ ಮಾಡಿ, ಅದರ ಮೇಲೆ ಮೈಸೀಲಿಯಂ ಹರಡಿಸಿದ್ದು. ಮರದ ಹೊಟ್ಟಿನ ಸ್ಪಾನ್ ಮತ್ತು ಮರದ ತುಂಡಿಗೆ ಹೊಡೆಯುವ ಬೆಣೆಯ ಸ್ಪಾನ್ ಕೂಡ ಸಿಗುತ್ತವೆ. ಶುರುವಿನಲ್ಲಿ ಇದನ್ನು ಕೊಂಡು ತನ್ನಿ, ಸ್ವಂತ ತಯಾರಿಕೆ ಆಮೇಲೆ ನೋಡೋಣ. ಈ ಹವ್ಯಾಸದಲ್ಲಿ ಕಷ್ಟದ, ದುಬಾರಿ ಉಪಕರಣ ಬೇಡುವ ಭಾಗ ಸ್ಪಾನ್ ತಯಾರಿಕೆಯೇ. ಅದನ್ನು ಬೇರೆಯವರಿಗೆ ಬಿಟ್ಟರೆ ಉಳಿದದ್ದು ಅಡುಗೆಮನೆಯ ಪಾತ್ರೆಯಲ್ಲೇ ಮುಗಿಯುತ್ತದೆ.

ಕೊಳ್ಳುವಾಗ ಚೀಲವನ್ನು ಬೆಳಕಿಗೆ ಹಿಡಿದು ನೋಡಿ. ಕಾಳುಗಳ ಮೇಲೆ ಬಿಳಿ ಎಳೆ ಸಮನಾಗಿ ಹರಡಿರಬೇಕು. ಹಸಿರು, ಕಪ್ಪು, ಕಿತ್ತಳೆ ಚುಕ್ಕೆ ಕಂಡರೆ ಬೇಡ. ಕಾಳು ಅಂಟಂಟಾಗಿ ಹುಳಿ ವಾಸನೆ ಬಂದರೆ ಬ್ಯಾಕ್ಟೀರಿಯಾ ಸೇರಿದೆ ಅಂತ ಅರ್ಥ. ತಂದ ಕೂಡಲೇ ಬಳಸುವುದು ಒಳ್ಳೆಯದು. ಬೂದು ಚಿಪ್ಪಣಬೆಯ ಸ್ಪಾನ್ ಫ್ರಿಜ್ಜಿನಲ್ಲಿ ಕೆಲವು ವಾರ ಇರುತ್ತದೆ. ಗುಲಾಬಿ ಚಿಪ್ಪಣಬೆ ಮತ್ತು ಭತ್ತದ ಹುಲ್ಲಿನ ಅಣಬೆಯ ಸ್ಪಾನನ್ನು ಮಾತ್ರ ಫ್ರಿಜ್ಜಿನಲ್ಲಿ ಇಡಬೇಡಿ. ಅವು ಸೆಕೆ ನಾಡಿನವು, ಆ ಚಳಿಗೆ ಸತ್ತೇ ಹೋಗುತ್ತವೆ.

ಹುಲ್ಲಿಗೆ ಬಿಸಿನೀರು ಸಾಕು

ಹೊಸಬರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: ಹುಲ್ಲಿನಲ್ಲಿರುವ ಎಲ್ಲ ಸೂಕ್ಷ್ಮಜೀವಿಗಳನ್ನೂ ಕೊಂದರೆ ಒಳ್ಳೆಯದಲ್ವಾ? ಕೇಳಲು ಸರಿ ಅನ್ನಿಸುತ್ತದೆ, ಆದರೆ ಹಾಗಲ್ಲ. ಒಣಹುಲ್ಲನ್ನು 65ರಿಂದ 80 ಡಿಗ್ರಿ ಬಿಸಿನೀರಿನಲ್ಲಿ ಒಂದೆರಡು ಗಂಟೆ ಇಟ್ಟರೆ ಬೂಷ್ಟಿನ ಹೆಚ್ಚಿನ ಬೀಜಕಣಗಳು ಸಾಯುತ್ತವೆ. ಶಾಖ ತಡೆಯುವ ಕೆಲವು ಬ್ಯಾಕ್ಟೀರಿಯಾಗಳು ಉಳಿಯುತ್ತವೆ. ಅವು ಚಿಪ್ಪಣಬೆಗೆ ಅಡ್ಡಿ ಮಾಡುವುದಿಲ್ಲ, ಹೊಸದಾಗಿ ಬಂದು ಬೀಳುವ ಬೂಷ್ಟಿಗೆ ಮಾತ್ರ ಜಾಗ ಬಿಟ್ಟುಕೊಡುವುದಿಲ್ಲ. ಪೂರ್ತಿ ಶುದ್ಧ ಮಾಡಿದ ಹುಲ್ಲನ್ನು ಸಾಮಾನ್ಯ ಕೋಣೆಯಲ್ಲಿ ತೆರೆದರೆ ಕಾವಲೇ ಇಲ್ಲದ ಆಹಾರ ಅದು. ಮೊದಲು ಬಿದ್ದ ಬೂಷ್ಟಿಗೆ ಹಬ್ಬ. ಹಾಗಾಗಿ ಹುಲ್ಲಿಗೆ ಬೇಕಾದದ್ದು ದೊಡ್ಡ ಪಾತ್ರೆ ಅಥವಾ ಡ್ರಮ್ಮು, ಹುಲ್ಲು ತುಂಬಿ ಮುಳುಗಿಸಲು ಒಂದು ಬಲೆಯ ಚೀಲ, ಮತ್ತೆ ಒಂದು ಥರ್ಮಾಮೀಟರ್. ಈ ಮೂರರಲ್ಲಿ ಥರ್ಮಾಮೀಟರ್ ಬಿಡಬೇಡಿ. ಕೈ ಅದ್ದಿ ಅಂದಾಜು ಮಾಡುವ ಬಿಸಿ ಇದಲ್ಲ.

ಒಲೆ ಉರಿಸದೆ ಮಾಡುವ ದಾರಿಯೂ ಇದೆ. ನೀರಿಗೆ ಅರಳಿಸಿದ ಸುಣ್ಣದ ಪುಡಿ ಕಲಸಿ, ಪಿಎಚ್ 12ರ ಆಸುಪಾಸಿಗೆ ಏರಿಸಿ, ಹುಲ್ಲನ್ನು 12ರಿಂದ 24 ಗಂಟೆ ನೆನೆಸುವುದು. ಅಷ್ಟು ಕ್ಷಾರದಲ್ಲಿ ಬೂಷ್ಟು ತಾಳುವುದಿಲ್ಲ. ಇದಕ್ಕೆ ಬೇಕಾದದ್ದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹೊಲಕ್ಕೆ ಹಾಕುವ ಸುಣ್ಣಕಲ್ಲಿನ ಪುಡಿ ಬೇರೆ ವಸ್ತು, ಅದರಿಂದ ಪಿಎಚ್ ಇಷ್ಟು ಏರುವುದಿಲ್ಲ. ಈ ನೀರು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ರಬ್ಬರ್ ಗ್ಲೌಸು, ಕನ್ನಡಕ ಎರಡೂ ಬೇಕು.

ಬಿಸಿ ಮಾಡಿದರೂ ಸುಣ್ಣದಲ್ಲಿ ನೆನೆಸಿದರೂ ನೀರು ಚೆನ್ನಾಗಿ ಬಸಿಯಬೇಕು. ಒಂದು ಹಿಡಿ ಹುಲ್ಲನ್ನು ಜೋರಾಗಿ ಹಿಂಡಿದರೆ ಕೆಲವು ಹನಿ ಮಾತ್ರ ಬರಬೇಕು. ಧಾರೆಯಾಗಿ ಬಂದರೆ ಇನ್ನೂ ಬಸಿಯಿರಿ. ನೀರು ನಿಂತ ಕಡೆ ಗಾಳಿ ಆಡುವುದಿಲ್ಲ, ಗಾಳಿ ಆಡದ ಕಡೆ ಬ್ಯಾಕ್ಟೀರಿಯಾ ಕೊಳೆಸುತ್ತದೆ. ಹಾಳಾಗುವ ಚೀಲಗಳಲ್ಲಿ ಬಹಳಷ್ಟಕ್ಕೆ ಕಾರಣ ಈ ಹೆಚ್ಚಿನ ನೀರು. ಜನ ಬೈಯುವುದು ಮಾತ್ರ ಸ್ಪಾನ್ ಮಾರಿದವರನ್ನು.

ಇನ್ನು ತುಂಬುವುದು. ತೂತು ಮಾಡಿದ ಪ್ಲಾಸ್ಟಿಕ್ ಚೀಲ ಅಥವಾ ಸುತ್ತಲೂ ತೂತು ಕೊರೆದ ಬಕೆಟ್ಟು ಸಾಕು. ಒಂದು ಪದರ ಹುಲ್ಲು, ಒಂದು ಪದರ ಸ್ಪಾನ್. ಒದ್ದೆ ಹುಲ್ಲಿನ ತೂಕದ 5ರಿಂದ 10 ಶೇಕಡಾ ಸ್ಪಾನ್ ಹಾಕಿ. ಹೊಸಬರಿಗೆ 10 ಒಳ್ಳೆಯದು, ಸ್ಪಾನ್ ಜಾಸ್ತಿ ಇದ್ದಷ್ಟೂ ಹುಲ್ಲು ಬೇಗ ಬಿಳಿಯಾಗುತ್ತದೆ. ಎರಡು ಮೂರು ವಾರ ನೆರಳಲ್ಲಿ ಇಟ್ಟರೆ ಚೀಲ ಪೂರ್ತಿ ಬಿಳಿ.

ಕುಕ್ಕರ್ ಯಾವಾಗ ಬೇಕು?

ಸ್ವಂತ ಸ್ಪಾನ್ ಮಾಡಬೇಕು, ಅಥವಾ ಮರದ ಹೊಟ್ಟಿಗೆ ತೌಡು ಬೆರೆಸಿ ಶಿಟಾಕೆ ಬೆಳೆಯಬೇಕು ಅಂದಾಗ ಪ್ರೆಷರ್ ಕುಕ್ಕರ್ ಬೇಕು. ಧಾನ್ಯ, ತೌಡು ಬಹಳ ಪುಷ್ಟಿಯ ಆಹಾರ. ಅದರಲ್ಲಿ ಒಂದು ಬ್ಯಾಕ್ಟೀರಿಯಾ ಉಳಿದರೂ ಎರಡು ದಿನದಲ್ಲಿ ಇಡೀ ಜಾಡಿ ಹಾಳು. ಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾಗಳು ಗಟ್ಟಿ ಕವಚದ ಬೀಜಕಣ ಮಾಡಿಕೊಂಡು ಕುದಿಯುವ ನೀರಿನಲ್ಲೂ ಬದುಕುತ್ತವೆ. ಅವನ್ನು ಕೊಲ್ಲಲು 121 ಡಿಗ್ರಿ ಬೇಕು. ತೆರೆದ ಪಾತ್ರೆಯ ನೀರು 100 ಡಿಗ್ರಿ ದಾಟುವುದಿಲ್ಲ. ಹೊರಗಿನ ಗಾಳಿಗಿಂತ 15 ಪಿಎಸ್‌ಐ ಹೆಚ್ಚು ಒತ್ತಡ ಕೊಟ್ಟರೆ ಉಗಿ 121ಕ್ಕೆ ಮುಟ್ಟುತ್ತದೆ. ಕುಕ್ಕರಿನ ಕೆಲಸ ಇಷ್ಟೇ.

ಹಾಗಾಗಿ ಕೊಳ್ಳುವಾಗ ಗಾತ್ರಕ್ಕಿಂತ ಮೊದಲು ಕೇಳಬೇಕಾದ್ದು ಅದು 15 ಪಿಎಸ್‌ಐ ಮುಟ್ಟುತ್ತದಾ ಅಂತ. ಕೆಲವು ಎಲೆಕ್ಟ್ರಿಕ್ ಕುಕ್ಕರ್‌ಗಳು ಅಷ್ಟು ಮುಟ್ಟುವುದಿಲ್ಲ. ಒಂದು ಲೀಟರಿನ ಧಾನ್ಯದ ಜಾಡಿಗೆ ಸುಮಾರು 90 ನಿಮಿಷ, ಎರಡು ಮೂರು ಕಿಲೋ ತೂಕದ ಹೊಟ್ಟಿನ ಚೀಲಕ್ಕೆ ಎರಡೂವರೆ ಗಂಟೆ. ದೊಡ್ಡ ಚೀಲದ ನಡುಭಾಗಕ್ಕೆ ಬಿಸಿ ತಲುಪಲು ಸಮಯ ಹಿಡಿಯುತ್ತದೆ. ವೆಯ್ಟ್ ಹಾಕುವ ಮೊದಲು ಹತ್ತು ನಿಮಿಷ ಉಗಿಯನ್ನು ಸುಮ್ನೆ ಹೊರಗೆ ಬಿಡಿ. ಒಳಗೆ ಗಾಳಿ ಉಳಿದರೆ ಮೀಟರ್ 15 ತೋರಿಸುತ್ತಿದ್ದರೂ ಬಿಸಿ 121 ಇರುವುದಿಲ್ಲ. ಎತ್ತರದ ಊರುಗಳಲ್ಲಿ ಹೊರಗಿನ ಒತ್ತಡವೇ ಕಡಿಮೆ, ಹಾಗಾಗಿ ಇನ್ನೂ ಸ್ವಲ್ಪ ಹೊತ್ತು ಜಾಸ್ತಿ ಬೇಯಿಸಬೇಕು. ತಳದ ನೀರು ಪೂರ್ತಿ ಆರದ ಹಾಗೆ ನೋಡಿಕೊಳ್ಳಿ. ಮುಗಿದ ಮೇಲೆ ವೆಯ್ಟ್ ಎತ್ತಿ ಉಗಿ ಬಿಡಬೇಡಿ, ತಾನಾಗಿ ಆರಲಿ. ಒತ್ತಡ ತಟ್ಟನೆ ಇಳಿದರೆ ಜಾಡಿಯೊಳಗಿನ ನೀರು ಉಕ್ಕಿ ಮುಚ್ಚಳದ ಫಿಲ್ಟರು ಒದ್ದೆಯಾಗುತ್ತದೆ. ಒದ್ದೆ ಫಿಲ್ಟರಿನಲ್ಲಿ ಬೂಷ್ಟು ಹಾದು ಬರುತ್ತದೆ.

ಗಾಳಿಯ ವಿಚಾರ

ಕುಕ್ಕರಿನಿಂದ ತೆಗೆದ ಜಾಡಿ ಶುದ್ಧ. ಅದರ ಮುಚ್ಚಳ ತೆರೆದು ಸ್ಪಾನ್ ಹಾಕುವ ಕೆಲವು ಸೆಕೆಂಡುಗಳಲ್ಲೇ ಎಲ್ಲ ಅಪಾಯ. ಕೋಣೆಯ ಗಾಳಿಯಲ್ಲಿ ಬೂಷ್ಟಿನ ಬೀಜಕಣಗಳು ಸದಾ ತೇಲುತ್ತಿರುತ್ತವೆ.

ಇದಕ್ಕೆ ಎರಡು ಉಪಾಯ. ಮೊದಲನೆಯದು ಗಾಳಿಯನ್ನು ನಿಲ್ಲಿಸುವುದು. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ತಲೆಕೆಳಗೆ ಇಟ್ಟು, ಕೈ ತೂರಿಸಲು ಎರಡು ತೂತು ಕೊರೆದರೆ ಆಯಿತು. ಒಳಗಿನ ಗಾಳಿ ಅಲ್ಲಾಡದಿದ್ದಾಗ ಕಣಗಳು ಮೆಲ್ಲಗೆ ತಳಕ್ಕೆ ಕೂರುತ್ತವೆ. ಕೈಯನ್ನು ನಿಧಾನವಾಗಿ ಆಡಿಸಬೇಕು, ತೆರೆದ ಜಾಡಿಯ ಮೇಲೆ ಕೈ ಹಾಯಿಸಬಾರದು. ಖರ್ಚು ಒಂದು ಡಬ್ಬದ್ದು ಮಾತ್ರ. ಎರಡನೆಯದು ಲ್ಯಾಮಿನಾರ್ ಫ್ಲೋ ಹುಡ್. ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾ ಹಿಡಿಯುತ್ತದೆ. ಅದರ ಮೂಲಕ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ನೇರವಾಗಿ ಗಾಳಿ ಹರಿಸಿ, ಆ ಹರಿವಿನಲ್ಲೇ ಕೆಲಸ ಮಾಡುತ್ತಾರೆ. ಬಹಳ ಸುಖದ ಉಪಕರಣ, ಆದರೆ ವಾರಕ್ಕೆ ಹತ್ತಾರು ಜಾಡಿ ಮಾಡುವವರಿಗೆ ಮಾತ್ರ ಸಾರ್ಥಕ. ಮನೆಯ ಏರ್ ಪ್ಯೂರಿಫೈಯರ್‌ನಲ್ಲೂ ಹೆಪಾ ಇದೆಯಲ್ಲ ಅಂತ ಅದರ ಮುಂದೆ ಕೂರಬೇಡಿ. ಅದು ಗಾಳಿಯನ್ನು ಸುತ್ತಿಸಿ ಎಸೆಯುತ್ತದೆ, ನೆಲದ ಧೂಳನ್ನೂ ಎಬ್ಬಿಸುತ್ತದೆ.

ಕೈ, ಡಬ್ಬ ಒರೆಸಲು 70 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸಿ. ಶುದ್ಧ ಆಲ್ಕೋಹಾಲ್ ಬೇಗ ಆರಿಹೋಗುತ್ತದೆ, ನೀರು ಬೆರೆತದ್ದು ಜೀವಕೋಶದೊಳಗೆ ಚೆನ್ನಾಗಿ ಇಳಿದು ಕೊಲ್ಲುತ್ತದೆ. ಇಲ್ಲೊಂದು ಎಚ್ಚರಿಕೆ: ಸೂಜಿ ಕಾಯಿಸಲು ದೀಪ ಹಚ್ಚುವವರು ಡಬ್ಬದೊಳಗೆ ಆಲ್ಕೋಹಾಲ್ ಸಿಂಪಡಿಸಿ ಅಲ್ಲೇ ಬೆಂಕಿ ತರಬೇಡಿ. ಆವಿ ತುಂಬಿದ ಡಬ್ಬ ಭಗ್ ಅಂತ ಹೊತ್ತಿಕೊಳ್ಳುತ್ತದೆ.

ಇನ್ನೂ ಮುಂದೆ ಹೋಗುವವರಿಗೆ ಅಗರ್, ಅಂದರೆ ಕಡಲಪಾಚಿಯಿಂದ ತೆಗೆದ ಜೆಲ್ಲಿಯಂಥ ವಸ್ತು, ಮತ್ತು ಪೆಟ್ರಿ ಡಿಶ್. ಇದರ ಹಿಂದೆ ಒಂದು ಅಡುಗೆಮನೆಯ ಕತೆ ಇದೆ. ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕೋಖ್ ಅವರ ಪ್ರಯೋಗಾಲಯದವರು ಸೂಕ್ಷ್ಮಜೀವಿ ಬೆಳೆಸಲು ಜೆಲಾಟಿನ್ ಬಳಸುತ್ತಿದ್ದರು. ಸೆಕೆಗೆ ಅದು ಕರಗಿಹೋಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಹೆಂಡತಿ ಫ್ಯಾನಿ ಹೆಸ್ಸೆ, ತಾವು ಜೆಲ್ಲಿಗೆ ಹಾಕುತ್ತಿದ್ದ ಅಗರ್ ಬಳಸಿ ನೋಡಿ ಅಂತ 1881ರಲ್ಲಿ ಹೇಳಿದರು. 1887ರಲ್ಲಿ ಅದೇ ಬಳಗದ ಜೂಲಿಯಸ್ ಪೆಟ್ರಿ ಮುಚ್ಚಳದ ತಟ್ಟೆ ತಂದರು. ಇವತ್ತಿಗೂ ಅಣಬೆ ಹವ್ಯಾಸಿಗಳಿಗೆ ಇವೇ ಗತಿ. ಅಗರ್ ತಟ್ಟೆಯ ದೊಡ್ಡ ಉಪಯೋಗ ಎಂದರೆ ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ. ಬಿಳಿ ಎಳೆಯ ಪಕ್ಕ ಹಸಿರು ಮೂಡಿದರೆ, ಶುದ್ಧವಾಗಿರುವ ಅಂಚನ್ನು ಮಾತ್ರ ಬ್ಲೇಡಿನಿಂದ ಕತ್ತರಿಸಿ ಹೊಸ ತಟ್ಟೆಗೆ ದಾಟಿಸಬಹುದು. ಸಕ್ಕರೆ ನೀರಿನಲ್ಲಿ ಬೆಳೆಸುವ ಲಿಕ್ವಿಡ್ ಕಲ್ಚರ್ ಸುಲಭ, ವೇಗ. ಆದರೆ ಅದರಲ್ಲಿ ಬ್ಯಾಕ್ಟೀರಿಯಾ ಸೇರಿದ್ದು ಸುಲಭವಾಗಿ ಕಾಣುವುದಿಲ್ಲ. ಸಿರಿಂಜಿನಲ್ಲಿ ಕೊಂಡು ತಂದದ್ದನ್ನು ಮೊದಲು ಒಂದು ಹನಿ ಅಗರ್ ಮೇಲೆ ಹಾಕಿ ನೋಡುವುದು ಕ್ಷೇಮ.

ಅಣಬೆ ಬರುವ ಹೊತ್ತು

ಚೀಲ ಬಿಳಿಯಾದ ಮೇಲೆ ಬೇಕಾದದ್ದು 85ರಿಂದ 95 ಶೇಕಡಾ ತೇವಾಂಶ, ಹೊಸ ಗಾಳಿ, ಓದಲು ಸಾಕಾಗುವಷ್ಟು ಬೆಳಕು. ಇದಕ್ಕೆಂದೇ ಟೆಂಟು, ಟೈಮರು, ಇಂಗಾಲದ ಡೈಆಕ್ಸೈಡ್ ಮೀಟರು ಎಲ್ಲ ಮಾರುತ್ತಾರೆ. ನನ್ನ ಮಟ್ಟಿಗೆ ಮೊದಲ ಮೀಟರು ಅಣಬೆಯೇ. ಕಾಂಡ ಉದ್ದವಾಗಿ ಕೊಡೆ ಸಣ್ಣದಾಗಿದ್ದರೆ ಅದಕ್ಕೆ ಉಸಿರುಗಟ್ಟುತ್ತಿದೆ, ಗಾಳಿ ಬಿಡಿ. ಕೊಡೆಯ ಅಂಚು ಒಣಗಿ ಬಿರಿದರೆ ತೇವ ಸಾಲದು. ಎಳೆ ಮೊಗ್ಗು ಕಂದಾಗಿ ಬಾಡಿದರೂ ಬಹುಪಾಲು ಅದೇ ಕಾರಣ. ಒಂದೆರಡು ಚೀಲಕ್ಕೆ ದಿನಕ್ಕೆ ಕೆಲವು ಸಲ ನೀರು ಸಿಂಪಡಿಸಿ ಬೀಸಣಿಗೆ ಆಡಿಸಿದರೆ ಸಾಕು. ಸಿಂಪಡಿಸುವ ನೀರು ಗೋಡೆಗೆ, ಗಾಳಿಗೆ ಹೋಗಲಿ. ಅಣಬೆಯ ಮೇಲೆ ನೀರು ನಿಂತರೆ ಹಳದಿ ಕಲೆ ಬೀಳುತ್ತದೆ.

ತೇವಾಂಶ ಅಳೆಯುವ ಹೈಗ್ರೋಮೀಟರ್ ಕೊಂಡರೆ ಮೊದಲು ಅದನ್ನೇ ಪರೀಕ್ಷಿಸಿ. ಅಗ್ಗದವು ಬಹಳ ಸುಳ್ಳು ಹೇಳುತ್ತವೆ. ಒಂದು ಮುಚ್ಚಳದಲ್ಲಿ ಉಪ್ಪಿಗೆ ಸ್ವಲ್ಪ ನೀರು ಹಾಕಿ ಗಟ್ಟಿ ಕೆಸರು ಮಾಡಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಒಳಗಿನ ತೇವಾಂಶ 75 ಶೇಕಡಾ ಆಗಿರುತ್ತದೆ. ಮೀಟರ್ ಎಷ್ಟು ಆಚೀಚೆ ತೋರಿಸುತ್ತದೋ ಅಷ್ಟು ತಪ್ಪು ಅಂತ ಅದರ ಬೆನ್ನ ಮೇಲೆ ಬರೆದಿಡಿ. ಅಲ್ಟ್ರಾಸಾನಿಕ್ ಹ್ಯುಮಿಡಿಫೈಯರ್, ಅಂದರೆ ಮಂಜು ಎಬ್ಬಿಸುವ ಯಂತ್ರ, ಬಳಸುವವರು ಗಡಸು ನೀರು ಹಾಕಬಾರದು. ನೀರಿನ ಖನಿಜವೆಲ್ಲ ಬಿಳಿ ಧೂಳಾಗಿ ಹಾರುತ್ತದೆ.

ಹಾಗೇ ಒಂದು ಮಾಸ್ಕ್. ಯಾವ ಪಟ್ಟಿಯಲ್ಲೂ ಇದು ಮೇಲೆ ಇರುವುದಿಲ್ಲ, ಇರಬೇಕು. ಚಿಪ್ಪಣಬೆ ಬಲಿತಂತೆ ಕೋಟಿಗಟ್ಟಲೆ ಬೀಜಕಣ ಉದುರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಇವನ್ನು ತಿಂಗಳುಗಟ್ಟಲೆ ಉಸಿರಾಡಿದವರ ಶ್ವಾಸಕೋಶ ಊದಿಕೊಳ್ಳಬಹುದು. ಅಣಬೆ ಫಾರ್ಮುಗಳಲ್ಲಿ ಇದು ಹಳೆಯ ಕಾಯಿಲೆ. ಮಲಗುವ ಕೋಣೆಯಲ್ಲಿ ಬೆಳೆಯಬೇಡಿ. ಕೊಡೆಯ ಅಂಚು ಕೆಳಮುಖ ಇರುವಾಗಲೇ, ಚಪ್ಪಟೆಯಾಗುವ ಮೊದಲೇ ಕೊಯ್ಯಿರಿ. ಕೊಯ್ಯುವಾಗ ಎನ್95 ಮಾಸ್ಕ್ ಹಾಕಿ.

ಚೀಲದಲ್ಲಿ ಹಸಿರು ಮೂಡಿದರೆ ಅದು ಸಾಮಾನ್ಯವಾಗಿ ಟ್ರೈಕೋಡರ್ಮಾ. ಬಿಳಿಯಾಗಿ ಶುರುವಾಗಿ ಆಮೇಲೆ ಹಸಿರಾಗುತ್ತದೆ, ಹಾಗಾಗಿ ಮೋಸ ಹೋಗುತ್ತೇವೆ. ಕಿತ್ತಳೆ ಬಣ್ಣದ ನ್ಯೂರೋಸ್ಪೋರಾ ಬಂದರೆ ಚೀಲವನ್ನು ಬಿಚ್ಚದೆ, ಇನ್ನೊಂದು ಚೀಲದಲ್ಲಿ ಕಟ್ಟಿ, ಮನೆಯಿಂದ ದೂರ ಒಯ್ಯಿರಿ. ಅದರ ಪುಡಿ ಒಮ್ಮೆ ಹಾರಿದರೆ ಮುಂದಿನ ಎಲ್ಲ ಚೀಲಗಳಿಗೂ ಬರುತ್ತದೆ.

ಎಷ್ಟು ಬೆಳೆ ಬಂದರೆ ಚೆನ್ನಾಗಿ ಬಂತು ಅನ್ನಬೇಕು? ಒಣ ಹುಲ್ಲಿನ ತೂಕದಷ್ಟೇ ತೂಕದ ಹಸಿ ಅಣಬೆ ಎರಡು ಮೂರು ಕೊಯ್ಲಿನಲ್ಲಿ ಒಟ್ಟು ಬಂದರೆ ಅದನ್ನು 100 ಶೇಕಡಾ ಜೈವಿಕ ದಕ್ಷತೆ ಎನ್ನುತ್ತಾರೆ. ಮೊದಲ ಕೊಯ್ಲೇ ದೊಡ್ಡದು. ಇದನ್ನು ತಿಳಿಯಲು ಒಂದು ತಕ್ಕಡಿ, ಒಂದು ನೋಟ್‌ಬುಕ್ ಬೇಕು. ಕೊಂಡ ಯಾವ ಹೊಸ ಉಪಕರಣ ಉಪಯೋಗಕ್ಕೆ ಬಂತು ಅನ್ನುವುದೂ ಇದೇ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಅವಸರ ಇಲ್ಲದವರಿಗೆ ಮರದ ದಿಮ್ಮಿ ಇದೆ. ಹೊಸದಾಗಿ ಕಡಿದ, ಸುಮಾರು 10ರಿಂದ 15 ಸೆಂಟಿಮೀಟರ್ ದಪ್ಪದ ಗಟ್ಟಿಮರದ ತುಂಡಿಗೆ ತೂತು ಕೊರೆದು, ಸ್ಪಾನ್ ಬೆಣೆ ಹೊಡೆದು, ಮೇಣ ಬಳಿದು ನೆರಳಲ್ಲಿಟ್ಟರೆ ಶಿಟಾಕೆ ಬರಲು ಆರು ತಿಂಗಳಿಂದ ಒಂದೂವರೆ ವರ್ಷ. ಡ್ರಿಲ್, ಸುತ್ತಿಗೆ, ಮೇಣ ಬಿಟ್ಟರೆ ಬೇರೇನೂ ಬೇಡ.

ಮುಗಿದ ಚೀಲವನ್ನು ಗೊಬ್ಬರಕ್ಕೆ ಹಾಕಬಹುದು. ಆ ಪ್ರದೇಶದ್ದಲ್ಲದ ಜಾತಿಯಾದರೆ ಕಾಡಿನಂಚಿಗೆ ಮಾತ್ರ ಎಸೆಯಬೇಡಿ. ಏಷ್ಯಾ ಮೂಲದ ಹಳದಿ ಚಿಪ್ಪಣಬೆ ಅಮೆರಿಕದಲ್ಲಿ ಹೀಗೆಯೇ ಸಾಕಣೆಯಿಂದ ತಪ್ಪಿಸಿಕೊಂಡು ಕಾಡು ಸೇರಿದೆ. ಅದು ನೆಲೆಸಿದ ಮರಗಳಲ್ಲಿ ಅಲ್ಲಿನ ಇತರ ಶಿಲೀಂಧ್ರಗಳ ವೈವಿಧ್ಯ ಕಡಿಮೆಯಾಗಿದೆ.

ಹುಡುಕಲು ಹೊರಟಾಗ

ಇಲ್ಲಿ ಉಪಕರಣ ಕಡಿಮೆ, ಜವಾಬ್ದಾರಿ ಜಾಸ್ತಿ. ಚಾಕು ಬೇಕು, ಆದರೆ ಕತ್ತರಿಸುವುದಕ್ಕಿಂತ ಅಗೆಯುವುದಕ್ಕೆ. ಗೊತ್ತಿಲ್ಲದ ಅಣಬೆಯನ್ನು ಬುಡಸಮೇತ ಎಬ್ಬಿಸಬೇಕು. ಜಗತ್ತಿನಲ್ಲಿ ಅಣಬೆಯಿಂದ ಆಗುವ ಸಾವುಗಳಲ್ಲಿ ಬಹುಪಾಲಿಗೆ ಕಾರಣವಾದ ಡೆತ್ ಕ್ಯಾಪ್, ಅಂದರೆ ಅಮಾನಿಟಾ ಫಲೋಯ್ಡಿಸ್, ಬುಡದಲ್ಲಿ ಒಂದು ಚೀಲ ಇಟ್ಟುಕೊಂಡಿರುತ್ತದೆ. ಕಾಂಡವನ್ನು ಮೇಲಿಂದ ಕತ್ತರಿಸಿ ತಂದರೆ ಆ ಚೀಲ ಮಣ್ಣಲ್ಲೇ ಉಳಿಯಿತು. ಮುಖ್ಯ ಸುಳಿವೇ ಹೋಯಿತು.

ಕತ್ತರಿಸಬೇಕಾ, ಕೀಳಬೇಕಾ ಅಂತ ಹಳೆಯ ಜಗಳ ಒಂದಿದೆ. ಸ್ವಿಟ್ಜರ್ಲೆಂಡಿನಲ್ಲಿ 1975ರಿಂದ 29 ವರ್ಷ ಇದನ್ನೇ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಕತ್ತರಿಸಿದರೂ ಕಿತ್ತರೂ ಮುಂದಿನ ವರ್ಷಗಳ ಬೆಳೆಗೆ ವ್ಯತ್ಯಾಸವಾಗಲಿಲ್ಲ. ಜನ ಓಡಾಡಿ ನೆಲ ತುಳಿದ ಕಡೆ ಮಾತ್ರ ಅಣಬೆ ಕಡಿಮೆಯಾಯಿತು. ಚಾಕುವಿನ ಚಿಂತೆ ಬಿಟ್ಟು ಕಾಲು ಎಲ್ಲಿಡುತ್ತೀರಿ ನೋಡಿ.

ಬುಟ್ಟಿ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಅಣಬೆ ಬೆವರಿ, ಬಿಸಿಯಾಗಿ, ಒಂದೆರಡು ಗಂಟೆಯಲ್ಲಿ ಮುದ್ದೆಯಾಗುತ್ತದೆ. ಒಂದೊಂದು ಜಾತಿಯನ್ನೂ ಬೇರೆ ಬೇರೆ ಕಾಗದದ ಪೊಟ್ಟಣದಲ್ಲಿ ಹಾಕಿ. ಅಪರಿಚಿತ ಅಣಬೆಯ ಚೂರು ಊಟದ ಅಣಬೆಗೆ ಸೇರಬಾರದು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಲೆನ್ಸು, ಒಂದು ಸ್ಕೇಲು, ಪೆನ್ಸಿಲ್ಲು, ನೋಟ್‌ಬುಕ್. ಯಾವ ಮರದ ಕೆಳಗೆ, ಮಣ್ಣಿನಲ್ಲೋ ಕಟ್ಟಿಗೆಯಲ್ಲೋ, ವಾಸನೆ ಏನು, ಮುರಿದಾಗ ಬಣ್ಣ ಬದಲಾಯಿತಾ? ಇವನ್ನು ಅಲ್ಲೇ ಬರೆಯಿರಿ. ಫೋಟೋ ತೆಗೆಯುವಾಗ ಕೊಡೆಯ ಮೇಲ್ಭಾಗ ಒಂದೇ ಸಾಲದು. ಕೆಳಭಾಗ, ಕಾಂಡ, ಬುಡ, ಉದ್ದಕ್ಕೆ ಸೀಳಿದ ಒಳಭಾಗ ಎಲ್ಲ ಬೇಕು. ನೆಲ ನೋಡುತ್ತಾ ನಡೆಯುವವರು ಬೇಗ ದಾರಿ ತಪ್ಪುತ್ತಾರೆ, ಹಾಗಾಗಿ ದಿಕ್ಸೂಚಿ ಅಥವಾ ಆಫ್‌ಲೈನ್ ನಕ್ಷೆ, ಒಂದು ಸೀಟಿ ಜೊತೆಗಿರಲಿ. ಆ ಜಾಗದಲ್ಲಿ ಅಣಬೆ ಕೀಳಲು ಅನುಮತಿ ಇದೆಯಾ ಅಂತಲೂ ಕೇಳಿಕೊಳ್ಳಿ.

ಮನೆಗೆ ಬಂದ ಮೇಲೆ ಮಾಡಬಹುದಾದ ಅತ್ಯುತ್ತಮ ಪರೀಕ್ಷೆಗೆ ಬೇಕಾದದ್ದು ಒಂದು ಕಾಗದ, ಒಂದು ಲೋಟ. ಅರಳಿದ ಕೊಡೆಯ ಕಾಂಡ ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಇರುವ ಕಾಗದದ ಮೇಲೆ ಬೋರಲು ಇಟ್ಟು, ಲೋಟ ಮುಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಉದುರಿದ ಬೀಜಕಣಗಳ ಬಣ್ಣ ಕಾಣುತ್ತದೆ. ಇದೇ ಸ್ಪೋರ್ ಪ್ರಿಂಟ್. ಹುಲ್ಲುಹಾಸಿನಲ್ಲಿ ಬರುವ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ನೋಡಲು ತಿನ್ನುವ ಅಣಬೆಯಂತೆಯೇ ಇರುತ್ತದೆ. ತಿಂದರೆ ಗಂಟೆಗಳಲ್ಲೇ ವಾಂತಿ, ಭೇದಿ. ಅದರ ಪ್ರಿಂಟ್ ಹಸಿರು. ಭತ್ತದ ಹುಲ್ಲಿನ ಅಣಬೆಗೂ ಡೆತ್ ಕ್ಯಾಪಿಗೂ ಬುಡದಲ್ಲಿ ಚೀಲ ಇರುತ್ತದೆ, ಎಳೆಯದರಲ್ಲಿ ಎರಡೂ ಮೊಟ್ಟೆಯಂತೆಯೇ ಕಾಣುತ್ತವೆ. ಪ್ರಿಂಟ್ ಮಾತ್ರ ಮೊದಲನೆಯದಕ್ಕೆ ಗುಲಾಬಿ, ಎರಡನೆಯದಕ್ಕೆ ಬಿಳಿ. ಏಷ್ಯಾದಿಂದ ಆಸ್ಟ್ರೇಲಿಯಾಕ್ಕೆ, ಅಮೆರಿಕಕ್ಕೆ ಹೋಗಿ ನೆಲೆಸಿದ ಕೆಲವರು ತಮ್ಮೂರಿನ ಅಣಬೆ ಎಂದುಕೊಂಡು ಡೆತ್ ಕ್ಯಾಪ್ ತಿಂದು ಪ್ರಾಣ ಕಳೆದುಕೊಂಡಿದ್ದಾರೆ. ಒಂದು ಊರಿನಲ್ಲಿ ಕಲಿತ ಗುರುತು ಇನ್ನೊಂದು ಊರಿಗೆ ಆಗುವುದಿಲ್ಲ.

ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಬೇಯಿಸಿದರೆ ವಿಷ ಹೋಗುತ್ತದೆ ಇವೆಲ್ಲ ಸುಳ್ಳು. ಡೆತ್ ಕ್ಯಾಪಿನ ವಿಷ ಬೆಂಕಿಗೆ ಜಗ್ಗುವುದಿಲ್ಲ. ತಿಂದು ಆರು ಗಂಟೆ ಕಳೆದ ಮೇಲೆ, ಕೆಲವೊಮ್ಮೆ ಹನ್ನೆರಡು ಗಂಟೆಯ ನಂತರ ವಾಂತಿ ಭೇದಿ ಶುರು. ಆಮೇಲೆ ಒಂದು ದಿನ ಆರಾಮ ಅನ್ನಿಸುತ್ತದೆ. ಆ ಹೊತ್ತಿಗೆ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ತಡವಾಗಿ ಶುರುವಾದ ಲಕ್ಷಣವೇ ಹೆಚ್ಚು ಅಪಾಯದ್ದು. ಕಡಿಮೆಯಾಯಿತು ಅಂತ ಕಾಯದೆ ಆಸ್ಪತ್ರೆಗೆ ಹೋಗಿ, ಉಳಿದ ಅಣಬೆ, ಮಾಡಿದ ಅಡುಗೆ ಎರಡನ್ನೂ ಜೊತೆಗೆ ಒಯ್ಯಿರಿ.

ಯಾರನ್ನು ಕೇಳುವುದು?

ಮೊಬೈಲ್ ಆಪ್‌ಗಳನ್ನು ಊಟದ ತೀರ್ಮಾನಕ್ಕೆ ಬಳಸಲೇಬೇಡಿ. ಆಸ್ಟ್ರೇಲಿಯಾದ ಸಂಶೋಧಕರು ಮೂರು ಆಪ್‌ಗಳಿಗೆ 78 ಮಾದರಿಗಳನ್ನು ತೋರಿಸಿ 2023ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಎಲ್ಲಕ್ಕಿಂತ ಚೆನ್ನಾಗಿದ್ದ ಆಪ್ ಸರಿಯಾಗಿ ಹೇಳಿದ್ದು 49 ಶೇಕಡಾ ಮಾತ್ರ. ಪುಸ್ತಕವಾದರೂ ಕಣ್ಣುಮುಚ್ಚಿ ಕೊಳ್ಳುವಂತಿಲ್ಲ. ಅದೇ ವರ್ಷ ನ್ಯೂಯಾರ್ಕ್ ಮೈಕಾಲಾಜಿಕಲ್ ಸೊಸೈಟಿ ಎಂಬ ಅಣಬೆ ಆಸಕ್ತರ ಸಂಘ, ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಅಣಬೆ ಕೈಪಿಡಿಗಳು ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ ಅಂತ ಎಚ್ಚರಿಸಿತು. ಪುಸ್ತಕ ಕೊಳ್ಳುವ ಮೊದಲು ಬರೆದವರು ಯಾರು, ಅವರು ಯಾವ ಪ್ರದೇಶದ ಅಣಬೆ ಬಲ್ಲವರು ಅಂತ ನೋಡಿ. ಇನ್ನೊಂದು ಖಂಡದ ಅಂದದ ಪುಸ್ತಕಕ್ಕಿಂತ ನೀವಿರುವ ಪ್ರದೇಶದ ತೆಳು ಪುಸ್ತಕ ಮೇಲು. ಎಲ್ಲಕ್ಕಿಂತ ಮೇಲು, ಜೊತೆಯಲ್ಲಿ ನಡೆದು ತೋರಿಸುವ ಅನುಭವಿ. ಅಂಥವರ ಸಂಘಗಳು ಹಲವು ದೇಶಗಳಲ್ಲಿವೆ. ಬ್ರಿಟಿಷ್ ಮೈಕಾಲಾಜಿಕಲ್ ಸೊಸೈಟಿ 1896ರಿಂದ ಇದೆ.

ಕಲಿಯಲು ಐನ್ಯಾಚುರಲಿಸ್ಟ್, ಮಶ್ರೂಮ್ ಅಬ್ಸರ್ವರ್ ತಾಣಗಳು ಚೆನ್ನಾಗಿವೆ. ಅಲ್ಲಿ ನಿಮ್ಮ ಫೋಟೋಗೆ ಬಲ್ಲವರು ಹೆಸರು ಸೂಚಿಸುತ್ತಾರೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ವೈಜ್ಞಾನಿಕ ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಈಗಿನ ಹೆಸರು ಯಾವುದು ಅಂತ ಇಂಡೆಕ್ಸ್ ಫಂಗೋರಂ ಎಂಬ, ಶಿಲೀಂಧ್ರಗಳ ಹೆಸರಿನ ಆನ್‌ಲೈನ್ ಪಟ್ಟಿಯಲ್ಲಿ ನೋಡಬಹುದು.

ಮೈಕ್ರೋಸ್ಕೋಪು ಕೊಳ್ಳಬೇಕಾ? ತಿನ್ನುವ ಹತ್ತು ಅಣಬೆ ಗುರುತಿಸಲು ಬೇಡ. ಸಣ್ಣ ಕಂದು ಅಣಬೆಗಳ ಹಿಂದೆ ಬಿದ್ದವರಿಗೆ ಬೇಕೇ ಬೇಕು. ಬೀಜಕಣಗಳು ಹೆಚ್ಚಾಗಿ 5ರಿಂದ 15 ಮೈಕ್ರಾನ್ ಉದ್ದ. 400 ಪಟ್ಟಿನಲ್ಲಿ ಆಕಾರ ಕಾಣುತ್ತದೆ. ಮೇಲಿನ ಮುಳ್ಳು, ಗಂಟು ನೋಡಲು ಎಣ್ಣೆ ಹಾಕಿ ನೋಡುವ 1000 ಪಟ್ಟಿನ ಲೆನ್ಸು ಬೇಕು. ಕಣ್ಣಿಡುವ ಲೆನ್ಸಿನಲ್ಲಿ ಅಳತೆಯ ಗೆರೆ ಇರುವುದನ್ನೇ ತಗೊಳ್ಳಿ, ಅಳೆಯಲು ಬರದ ಮೈಕ್ರೋಸ್ಕೋಪು ಈ ಕೆಲಸಕ್ಕೆ ಅರ್ಧ ಮಾತ್ರ.

ಅದಕ್ಕೂ ಮೊದಲು ಒಣಗಿಸುವ ಡಿಹೈಡ್ರೇಟರ್ ಕೊಂಡರೆ ಎರಡು ಕೆಲಸ ಆಗುತ್ತದೆ. ಬೆಳೆದ ಅಣಬೆಯನ್ನು 50 ಡಿಗ್ರಿಯ ಆಸುಪಾಸಿನಲ್ಲಿ, ಬಗ್ಗಿಸಿದರೆ ಪಟ್ಟೆಂದು ಮುರಿಯುವವರೆಗೆ ಒಣಗಿಸಿ ಡಬ್ಬಿಗೆ ಹಾಕಬಹುದು. ಕಾಡಲ್ಲಿ ಸಿಕ್ಕ ಅಪರೂಪದ್ದನ್ನು ಇನ್ನೂ ಸ್ವಲ್ಪ ಕಡಿಮೆ ಬಿಸಿಯಲ್ಲಿ ಒಣಗಿಸಿ, ಸಂಖ್ಯೆ ಬರೆದ ಕಾಗದದ ಪೊಟ್ಟಣದಲ್ಲಿ ಕಟ್ಟಿ, ಸಿಲಿಕಾ ಜೆಲ್ ಜೊತೆ ಇಡಬಹುದು. ಐಟಿಎಸ್ ಎಂಬ ಡಿಎನ್‌ಎ ಭಾಗವನ್ನು ಓದಿ ಶಿಲೀಂಧ್ರ ಗುರುತಿಸುವ ಕ್ರಮವನ್ನು 2012ರಲ್ಲಿ ಬಾರ್‌ಕೋಡ್ ಆಗಿ ಒಪ್ಪಿಕೊಂಡರು. ಒಣ ಮಾದರಿ ಇದ್ದರೆ ವರ್ಷಗಳ ನಂತರವೂ ಅದನ್ನು ಓದಿಸಬಹುದು. ಫೋಟೋ ಒಂದೇ ಇದ್ದರೆ ಆಗುವುದಿಲ್ಲ.